ಒಳಗ ಗುರ್ತಿನವರು ಅದಾರೇನ್ರಿ?

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪಾಲಿಕೆ ಆಯುಕ್ತರಿಗೆ, ಪೊಲೀಸ್ ಆಯುಕ್ತರಿಗೆ, ನಮ್ಮ ಅವಳಿ ನಗರದ ಎಲ್ಲ ಮಂದಿಗೆ, ಮತ್ತು ಹೋದ ಮಂಗಳವಾರ ನನ್ನ ಅಂಗಡಿ ಬೆಂಚಿನ ಮೇಲೆ ಕೂತು ಎದ್ದು ಹೋದ ಆ ಹುಡುಗನಿಗೆ ನಮಸ್ಕಾರ.

ನಾನು ಧಾರವಾಡದಲ್ಲಿ ಅರ್ಜಿ ಬರೆಯುವವನು. ಕಚೇರಿಗಳ ಎದುರಿನ ಸಾಲಿನಲ್ಲಿ ಒಂದು ಝೆರಾಕ್ಸ್ ಮಷಿನ್, ಒಂದು ಕಂಪ್ಯೂಟರ್, ಒಂದು ಬೆಂಚು, ಮೇಲೊಂದು ತಗಡು. ಇಷ್ಟೇ ನನ್ನ ಅಂಗಡಿ. 1998ರಿಂದ ಇಲ್ಲೇ ಇದ್ದೇನೆ. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರ್, ಈಗ ಕಂಪ್ಯೂಟರ್. ಉತಾರ, ವಾರಸಾ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ವಿಧವಾ ವೇತನ. ಇವೇ ನನ್ನ ಅನ್ನ. ನಿಯಮ ಇಲ್ಲದ ಊರಲ್ಲಿ ಮೊದಲು ಉಪವಾಸ ಬೀಳುವವನು ನಾನೇ. ಹಾಗಾಗಿ ನಿಯಮದ ಪರವಾಗಿ ನಾನು ಮಾತಾಡುವುದರಲ್ಲಿ ಸ್ವಾರ್ಥ ಇದೆ ಅಂತ ಯಾರಾದರೂ ಅಂದರೆ ಒಪ್ಪಿಕೊಳ್ಳುತ್ತೇನೆ. ಆದರೂ ಪೂರ್ತಿ ಓದಿ.

ಮಂಗಳವಾರ ಬೆಳಗ್ಗೆಯಿಂದ ನಮ್ಮ ಧಾರವಾಡದ್ದೇ ಆದ ಆ ಜಿಟಿಜಿಟಿ ಮಳೆ. ಬೆಂಚಿನ ಮೇಲೆ ಐದು ಜನ, ತಗಡಿನ ಕೆಳಗೆ ಇನ್ನೂ ಏಳೆಂಟು ಜನ. ಆ ಹುಡುಗ ಆದಾಯ ಪ್ರಮಾಣಪತ್ರಕ್ಕೆ ಬಂದಿದ್ದ. ಮೂರನೇ ಸಲ. ಪ್ರಿಂಟ್ ಬರುವವರೆಗೆ ಪಕ್ಕದವರ ಜೊತೆ ಮಾತಿಗೆ ಕೂತ. "ಈ ಕಾಯ್ದೆ ಕಾನೂನು ಎಲ್ಲಾ ಯಾಕ ಬೇಕ್ರಿ? ಒಳ್ಳೆಯವರಿಗೆ ಬೇಕಾಗಿಲ್ಲ. ಕೆಟ್ಟವರು ಕೇಳಂಗಿಲ್ಲ. ನಡುವ ನಮ್ಮಂಥವರು ಝೆರಾಕ್ಸ್ ತಗಸ್ಕೋತ ನಿಲ್ಲೂದು" ಅಂದ. ಬೆಂಚು ಪೂರ್ತಿ ನಕ್ಕಿತು. ಮೂಲೆಯಲ್ಲಿದ್ದ ಅಜ್ಜ ಒಬ್ಬರು, "ಕಾಯ್ದೆ ಅಂದ್ರ ಏನು ತಿಳಿದೀಯೋ ತಮ್ಮಾ? ನಾನು ಕಾಯ್ದೆ, ನೀನು ಕಾಯ್ದಿ, ಎಲ್ಲಾರೂ ಕಾಯ್ದರು" ಅಂದರು. ಮತ್ತೆ ನಗು. ನಾನೂ ನಕ್ಕೆ. ಹುಡುಗ ದುಡ್ಡು ಕೊಟ್ಟು ಮಳೆಯಲ್ಲೇ ಓಡಿದ.

ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಕಾನೂನಿನ ಹೆಸರಲ್ಲೇ ಅನ್ನ ತಿಂದವನು ನಾನು. ಅವನಿಗೆ ಒಂದು ಮಾತು ಎದುರು ಹೇಳಲಿಕ್ಕೆ ಆಗಲಿಲ್ಲವಲ್ಲ ಅನ್ನಿಸಿತು. ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಪೂರ್ತಿ ಸುಳ್ಳು ಆಗಿದ್ದರೆ ಅಲ್ಲೇ ಉತ್ತರ ಕೊಡುತ್ತಿದ್ದೆ.

ಈಗ ಕೊಡುತ್ತೇನೆ, ಸ್ವಲ್ಪ ಸುತ್ತು ಹಾಕಿ.

ನನ್ನ ಅಂಗಡಿಗೆ ಬರುವವರು ಅರ್ಜಿಗೆ ಎಷ್ಟು ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ದನಿ ತಗ್ಗಿಸಿ, ಬಾಗಿ ಕೇಳುತ್ತಾರೆ. "ಒಳಗ ಗುರ್ತಿನವರು ಅದಾರೇನ್ರಿ?" ಕಚೇರಿಗೆ ಹೋದರೂ ಇದೇ, ಆಸ್ಪತ್ರೆಗೆ ಹೋದರೂ ಇದೇ, ಮಗುವಿನ ಶಾಲೆ ಸೀಟಿಗೂ ಇದೇ, ಪೊಲೀಸ್ ಠಾಣೆಗಂತೂ ಕೇಳುವುದೇ ಬೇಡ. ಗುರ್ತಿನವರು ಇದ್ದರೆ ಮನುಷ್ಯ ಎದೆ ಉಬ್ಬಿಸಿ ಒಳಗೆ ಹೋಗುತ್ತಾನೆ. ಇಲ್ಲದಿದ್ದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಾನೆ. ಹೌದು, ಕಚೇರಿ ಬಾಗಿಲಲ್ಲಿ ಚಪ್ಪಲಿ ಬಿಡುವ ಮುದುಕರನ್ನು ದಿನಾ ನೋಡುತ್ತೇನೆ. ಒಳಗೆ ಯಾವ ದೇವರೂ ಇಲ್ಲ ಅಂತ ಅವರಿಗೂ ಗೊತ್ತು. ಬಿಡುವುದು ಹೆದರಿಕೆಗೆ.

ಈಗ ಹೇಳಿ, ನಿಯಮ ಅಂತ ಒಂದೂ ಇಲ್ಲ ಅಂದರೆ ಏನು ಉಳಿಯುತ್ತದೆ? ಗುರ್ತಿನವರೇ ಉಳಿಯುತ್ತಾರೆ. ಪೂರ್ತಿ ಊರು ಗುರ್ತಿನ ಮೇಲೆ ನಡೆಯುತ್ತದೆ. ಆ ಹುಡುಗನ ಅಪ್ಪ ಹಮಾಲಿ ಕೆಲಸದವರು. ಅರ್ಜಿಯಲ್ಲಿ ನಾನೇ ಬರೆದದ್ದು. ಅವರ ಗುರ್ತು ಎಲ್ಲಿಯವರೆಗೆ ನಡೆದೀತು? ಅವನಿಗೆ ಸ್ಕಾಲರ್‌ಶಿಪ್ ಸಿಕ್ಕರೆ ಅದು ಇಷ್ಟು ಆದಾಯದ ಒಳಗಿನವರಿಗೆ ಕೊಡಬೇಕು ಅಂತ ಎಲ್ಲೋ ಒಂದು ಕಡೆ ಬರೆದಿಟ್ಟಿದ್ದಕ್ಕೆ ಸಿಗುತ್ತದೆ. ಅವನ ಮುಖ ನೋಡಿ ಯಾರೂ ಕೊಡುವುದಿಲ್ಲ.

ಇದಕ್ಕೆ ಒಂದು ಸಂಗತಿ ಹೇಳಲೇಬೇಕು. ಹೆಸರು, ಊರು ಬೇಡ.

ನಾಲ್ಕೈದು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಹಕ್ಕು ಬಿಟ್ಟ ಪತ್ರ ಮಾಡಿಸಬೇಕಿತ್ತು. ನಮ್ಮ ಕಡೆ ಹಳಬರು ಹಕ್ಕಸೋಡ ಪತ್ರ ಅನ್ನುತ್ತಾರಲ್ಲ, ಅದು. ಅಪ್ಪ ತೀರಿಕೊಂಡಿದ್ದರು. ಹನ್ನೆರಡು ಎಕರೆ ಎರೆಹೊಲ. ಅಕ್ಕನಿಗೆ ಐವತ್ತರ ಮೇಲೆ ವಯಸ್ಸು. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ತವರಿನವರು ಅವತ್ತೇ ಕೊಡಿಸಿದ ಹೊಸ ಸೀರೆ ಇತ್ತು. ಅದರ ಮೇಲೆ ಅಂಗಡಿಯ ಬಿಲ್ ಪಿನ್ ಹೊಡೆದಿದ್ದು ಹಾಗೇ ಇತ್ತು. ತಮ್ಮಂದಿರು ಒಳ್ಳೆಯ ಮಂದಿಯೇ. ದಾರಿಯಲ್ಲಿ ಚಹಾ ಕುಡಿಸಿಕೊಂಡು ಬಂದಿದ್ದರು. "ನಮ್ಮ ಅಕ್ಕ ಬಾಳ ಚಲೋ ಅದಾಳ್ರಿ, ಬರೀರಿ, ಸಹಿ ಮಾಡ್ತಾಳ" ಅಂದರು.

ಬರೆದೆ. ಪ್ರಿಂಟ್ ತೆಗೆದೆ. ಆಕೆ ಪೆನ್ನು ಹಿಡಿದವರು ಹಾಗೇ ಕೂತರು. ಆಮೇಲೆ ತಮ್ಮಂದಿರ ಕಡೆ ನೋಡದೆ ನನ್ನನ್ನು ಕೇಳಿದರು. "ಏನ್ ಬರದೈತ್ರಿ ಇದರಾಗ?"

ಓದಿ ಹೇಳಿದೆ. ಅಪ್ಪನ ಆಸ್ತಿಯಲ್ಲಿ ನಿಮಗೂ ಗಂಡುಮಕ್ಕಳಷ್ಟೇ ಪಾಲು ಇದೆ, ಅದನ್ನು ನೀವು ಸ್ವಂತ ಮನಸ್ಸಿನಿಂದ ತಮ್ಮಂದಿರಿಗೆ ಬಿಟ್ಟುಕೊಡುತ್ತಿದ್ದೀರಿ ಅಂತ ಇದೆ ಅಂದೆ. "ನನಗೂ ಪಾಲು ಐತೇನ್ರಿ?" ಅಂತ ಇನ್ನೊಮ್ಮೆ ಕೇಳಿದರು. ಐತಿ ಅಂದೆ. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಬಂದಿತ್ತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಅದು ಇರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಮಾತು ಹೋಯಿತು. ಆಗ ಅಪ್ಪ ಬದುಕಿರಬೇಕಿತ್ತಾ ಬೇಡವಾ ಅನ್ನುವ ಜಗಳ ಇತ್ತು. ಬೇಕಾಗಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟೆಲ್ಲ ಆಕೆಗೆ ಹೇಳಲಿಲ್ಲ. "ಐತ್ರಿ ಅಕ್ಕಾರ" ಅಂದೆ, ಅಷ್ಟೇ.

ತಮ್ಮಂದಿರ ಮುಖ ಸಣ್ಣದಾಯಿತು. ಒಬ್ಬ ಹೊರಗೆ ಎದ್ದು ಹೋದ. ಆಕೆ ಸ್ವಲ್ಪ ಹೊತ್ತು ಕಾಗದ ನೋಡುತ್ತಾ ಕೂತರು. ಓದಲು ಬರುತ್ತಿರಲಿಲ್ಲ, ಆದರೂ ನೋಡಿದರು. ಆಮೇಲೆ, "ಇವತ್ತು ಬ್ಯಾಡ. ಮನಿಗೆ ಹೋಗಿ ವಿಚಾರ ಮಾಡ್ತೀನಿ" ಅಂದು ಚೀಲ ತೆಗೆದುಕೊಂಡು ಎದ್ದರು.

ಮುಂದೆ ಏನಾಯಿತು? ಎರಡು ತಿಂಗಳಾದ ಮೇಲೆ ಆಕೆ ಬಂದರು, ಸಹಿ ಮಾಡಿದರು. ಒಂದೂವರೆ ಎಕರೆ ಸ್ವಂತ ಹೆಸರಿಗೆ ಇಟ್ಟುಕೊಂಡು ಉಳಿದದ್ದು ಬಿಟ್ಟುಕೊಟ್ಟರು. ಲೆಕ್ಕದಲ್ಲಿ ಆಕೆಗೆ ನಷ್ಟ. ಹನ್ನೆರಡರಲ್ಲಿ ಮೂರನೇ ಒಂದು ಪಾಲು ನಾಲ್ಕು ಎಕರೆ ಆಗುತ್ತಿತ್ತು. ನಾನು ಹೇಳಿದೆ ಕೂಡ. "ಇರಲಿ ಬಿಡ್ರಿ, ತವರಮನಿ ಬಾಗಲ ತೆರೆದಿರಬೇಕಲ್ಲ" ಅಂದರು.

ಕಾನೂನು ಆಕೆಗೆ ನಾಲ್ಕು ಎಕರೆ ಕೊಡಿಸಲಿಲ್ಲ, ನಿಜ. ಆದರೆ ಆಕೆಯ ಸಹಿ ಇಲ್ಲದೆ ಹೊಲದ ಒಂದು ಹೆಂಟೆಯೂ ಆ ಕಡೆ ಈ ಕಡೆ ಆಗುವ ಹಾಗಿರಲಿಲ್ಲ. ಅದಕ್ಕೇ ತಮ್ಮಂದಿರು ಗಂಡನ ಮನೆಗೆ ಹೋದರು, ಚಹಾ ಕುಡಿಸಿದರು, ಸೀರೆ ತಂದರು. ಅದಕ್ಕೇ ಪೆನ್ನು ಆಕೆಯ ಕೈಗೆ ಬಂತು. ಆಕೆಯ ಅವ್ವನ ಕಾಲದಲ್ಲಿ ಯಾರೂ ಕೇಳುತ್ತಲೇ ಇರಲಿಲ್ಲ. ಒಳ್ಳೆಯವರಿಗೆ ಕಾನೂನು ಬೇಕಾಗಿಲ್ಲ ಅಂದೆಯಲ್ಲಪ್ಪ, ಆ ತಮ್ಮಂದಿರು ಒಳ್ಳೆಯವರೇ. ಕೆಟ್ಟವರಲ್ಲ ಅಂತ ನಾನು ಆಣೆ ಮಾಡಿ ಹೇಳುತ್ತೇನೆ. ಅಕ್ಕನಿಗೆ ಪಾಲು ಅನ್ನುವುದು ಅವರ ತಲೆಗೆ ಬಂದೇ ಇರಲಿಲ್ಲ, ಅಷ್ಟೇ. ಒಳ್ಳೆಯವರಿಗೂ ಹೊಳೆಯದ ಸಂಗತಿ ಬಹಳ ಇರುತ್ತವೆ.

"ಮೊದಲು ಹಳ್ಳಿಯಲ್ಲಿ ಯಾವ ಕಾನೂನಿತ್ತು? ಎಲ್ಲ ಚೆನ್ನಾಗೇ ಇತ್ತಲ್ಲ" ಅನ್ನುವವರೂ ನನ್ನ ಬೆಂಚಿನ ಮೇಲೆ ಜಾಸ್ತಿ. ನಾನು ನವಲಗುಂದದ ಕಡೆಯವನು. ನಮ್ಮ ಕಡೆ ನೆಲದೊಳಗಿನ ನೀರು ಸವಳು. ಕುಡಿಯಲು ಕೆರೆಯೇ ಗತಿ. ಕೆರೆಗೆ ಯಾರೂ ಬೋರ್ಡ್ ಹಾಕಿರಲಿಲ್ಲ. ಆದರೂ ಯಾರು ಯಾವ ಮೆಟ್ಟಿಲಿನಿಂದ ಇಳಿಯಬೇಕು, ಯಾರು ಇಳಿಯಲೇಬಾರದು, ಯಾರು ಮೇಲೆ ಕೊಡ ಇಟ್ಟುಕೊಂಡು ಯಾರಾದರೂ ಹಾಕುವವರೆಗೆ ಕಾಯಬೇಕು, ಎಲ್ಲ ಗೊತ್ತಿತ್ತು. ಐದು ವರ್ಷದ ಮಗುವಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಅದೂ ಇಳಿಯಬಹುದಾದವರ ಕಡೆಯಿಂದ. ಅದು ನಿಯಮ ಅಲ್ವಾ? ಬಹಳ ಗಟ್ಟಿ ನಿಯಮ. ಬರೆದಿರಲಿಲ್ಲ, ಹಾಗಾಗಿ ಅದರ ಮೇಲೆ ತಕರಾರು ಅರ್ಜಿ ಬರೆಯಲೂ ಬರುತ್ತಿರಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲೇ ತೆಗೆದುಹಾಕಿತ್ತು. ನಮ್ಮ ಕೆರೆಯ ಮೆಟ್ಟಿಲಿಗೆ ಆ ಸುದ್ದಿ ಬರುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ತಡ ಆಯಿತು, ನಾಚಿಕೆಗೇಡು. ಆದರೆ ಬಂದಾಗ, ಬರೆದಿದ್ದ ಮಾತು ಕೈಯಲ್ಲಿ ಇದ್ದುದರಿಂದಲೇ ಬಂತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಲ್ಲದಿದ್ದರೆ ನಾನು ಬರೀ ಸರ್ಕಾರದ ಡಂಗುರ ಹೊಡೆದ ಹಾಗೆ.

ಎಲ್ಲ ಕಾನೂನೂ ನ್ಯಾಯ ಅಲ್ಲ. ಇದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1980ರಲ್ಲಿ ನಾನು ಎಂಟು ವರ್ಷದವನು. ಮಲಪ್ರಭಾ ಕಾಲುವೆ ಬಂದಿದೆ, ನಿಮ್ಮ ಹೊಲ ಸುಧಾರಿಸಿದೆ, ಅಭಿವೃದ್ಧಿ ಕರ ಕಟ್ಟಿ ಅಂದಿತು ಸರ್ಕಾರ. ಕಾಗದದ ಮೇಲೆ ನೀರು ಬಂದ ಎಷ್ಟೋ ಹೊಲಗಳಿಗೆ ನೆಲದ ಮೇಲೆ ನೀರು ಬಂದಿರಲಿಲ್ಲ. ರೈತರು ಕಟ್ಟುವುದಿಲ್ಲ ಅಂದರು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಇವತ್ತಿಗೂ ಆ ದಿನ ನಮ್ಮ ಕಡೆ ಹುತಾತ್ಮ ರೈತರ ದಿನ. ರಾಜ್ಯದ ರೈತ ಚಳವಳಿ ಬೆಳೆದದ್ದು ಅಲ್ಲಿಂದಲೇ. ನಮ್ಮ ಅಪ್ಪ ಆ ವಾರ ಮನೆಯಲ್ಲಿ ಕಂದೀಲು ಹಚ್ಚಲು ಬಿಡಲಿಲ್ಲ ಅನ್ನುವುದು ನೆನಪಿದೆ.

ಅದಕ್ಕೂ ಹಿಂದೆ ಹೋದರೆ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ತಂಡದಲ್ಲಿದ್ದ ಕರ್ನಾಟಕದ ಒಬ್ಬನೇ ಮನುಷ್ಯ. ಆಗ ಇನ್ನೂ ಎಳೆಯ ಹುಡುಗ. ಹೋಗಿದ್ದು ಕಾನೂನು ಮುರಿಯಲಿಕ್ಕೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು.

ಅವರು ಕಾನೂನು ಮುರಿದರಲ್ಲ, ನಾವೂ ಮುರಿದರೆ ಏನಾಯಿತು ಅಂತ ಕೇಳಬಹುದು. ಅವರು ಹಗಲಲ್ಲಿ ಮುರಿದರು. ಹೇಳಿ ಮುರಿದರು. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಕಾನೂನನ್ನು ಮುರಿಯುತ್ತೇವೆ, ಹಿಡಿಯುವುದಾದರೆ ಹಿಡಿಯಿರಿ ಅಂದು ಮುರಿದರು. ನಾವು ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟುಕೊಂಡು ಹೊರಟು, ಪೊಲೀಸರು ಕಂಡಾಗ ತಲೆಗೆ ಹಾಕಿ, ಚನ್ನಮ್ಮ ಸರ್ಕಲ್ ದಾಟಿದ ಮೇಲೆ ಮತ್ತೆ ತೆಗೆಯುತ್ತೇವೆ. ಎರಡಕ್ಕೂ ಹೋಲಿಕೆ ಮಾಡಬೇಡಿ. (2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಮಂದಿ ಸಾಲು ಹಚ್ಚಿ ಕಟ್ಟಿದರು. ಆಷಾಢದಲ್ಲಿ ಸೀರೆಗೆ ಡಿಸ್ಕೌಂಟ್ ಇರುತ್ತದೆ, ಗೊತ್ತಿತ್ತು. ತಪ್ಪಿಗೂ ಇರುತ್ತದೆ ಅಂತ ಅವತ್ತು ತಿಳಿಯಿತು.)

ಈಗ ಅಧಿಕಾರಿಗಳ ಕಡೆ ತಿರುಗುತ್ತೇನೆ. ಸ್ವಲ್ಪ ಖಾರ ಆದರೆ ಕ್ಷಮಿಸಿ.

ಗದಗ ಜಿಲ್ಲೆಯ ಲಕ್ಷ್ಮೇಶ್ವರ ಇದೆಯಲ್ಲ, ಹಿಂದಿನ ಪುಲಿಗೆರೆ. ಅಲ್ಲಿ ಒಂದು ಶಾಸನ ಸಿಕ್ಕಿದೆ. ಸುಮಾರು ಕ್ರಿ.ಶ. 725ರದ್ದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಆ ಊರಿನ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ, ಅಂದರೆ ಹದಿನೆಂಟು ವರ್ಗದ ಜನರಿಗೆ, ಹಾಕಿಕೊಟ್ಟ 'ಆಚಾರ ವ್ಯವಸ್ಥೆ'. ಅಂದರೆ ಊರು ನಡೆಯುವ ನಿಯಮ. ನಮ್ಮ ಭಾಷೆಯಲ್ಲಿ ಕಲ್ಲಿನ ಬರಹಕ್ಕೂ ಕಾನೂನಿಗೂ ಒಂದೇ ಮಾತು, ಶಾಸನ. ಈ ಕಲ್ಲು ಎರಡಕ್ಕೂ ಸಲ್ಲುತ್ತದೆ. ಯಾವ ದರ್ಜೆಯ ಮನೆ ಎಷ್ಟು ತೆರಿಗೆ ಕೊಡಬೇಕು, ತಪ್ಪಿಗೆ ದಂಡ, ಇವೆಲ್ಲ ಅದರಲ್ಲಿ ಇವೆ. ಅದು ದೊಡ್ಡ ಮಾತಲ್ಲ, ತೆರಿಗೆ ಯಾವ ರಾಜನೂ ಮರೆಯುವುದಿಲ್ಲ. ನನಗೆ ಹಿಡಿಸಿದ್ದು ಬೇರೆ. ರಾಜನ ಅಧಿಕಾರಿಗಳು ಏನು ಮಾಡಬೇಕು ಅಂತಲೂ ಅದೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಯಾರೂ ಇಲ್ಲದ ಖಾಲಿ ಮನೆಗಳನ್ನು ಅವರು ಕಾಯಬೇಕು. ಹಿಂದೆ ಕೊಟ್ಟ ದಾನ, ತಾಮ್ರಪಟ, ಜನರ ಅನುಭೋಗದಲ್ಲಿದ್ದ ಆಸ್ತಿ, ಎಲ್ಲ ಉಳಿಸಬೇಕು.

ಊರಿನವರೂ ಬದ್ಧರು, ಅಧಿಕಾರಿಗಳೂ ಬದ್ಧರು. ಒಂದೇ ಕಲ್ಲು. ಯಾರು ಬೇಕಾದರೂ ಹೋಗಿ ಬೆರಳು ಇಟ್ಟು ತೋರಿಸಬಹುದಾದ ಕಲ್ಲು. ಸಾವಿರದ ಮುನ್ನೂರು ವರ್ಷದ ಹಿಂದಿನ ಮಾತು ಇದು.

ಈಗಿನ ಕಲ್ಲು ಯಾವುದು? ಸಕಾಲ. 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಇಂಥ ಕೆಲಸ ಇಷ್ಟು ದಿನದಲ್ಲಿ ಆಗಬೇಕು. ಅರ್ಜಿ ಕೊಟ್ಟ ಕೂಡಲೇ ಹದಿನೈದು ಅಂಕಿಯ ನಂಬರ್ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯ ಹಾಗೆ, 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ. ಅದೂ ತಡ ಮಾಡಿದ ನೌಕರನ ಜೇಬಿನಿಂದ. ಇಷ್ಟು ಚೆಂದದ ನಿಯಮ ನಮ್ಮ ರಾಜ್ಯದಲ್ಲಿ ಇದೆ ಅಂತ ನನ್ನ ಬೆಂಚಿನ ಮೇಲೆ ಕೂರುವ ಹತ್ತರಲ್ಲಿ ಎಂಟು ಜನರಿಗೆ ಗೊತ್ತಿರುವುದಿಲ್ಲ. ಬೋರ್ಡು ಇದೆ. ಎಲ್ಲಿದೆ ಅಂದರೆ, ಬೀರುವಿನ ಹಿಂದೆ.

ನನ್ನದೇ ಒಂದು ಕಥೆ ಇದೆ. ನನ್ನ ಮನೆಯ ಒಂದು ಕಾಗದ ಆಗಬೇಕಿತ್ತು. ಯಾವ ಕಚೇರಿ ಅಂತ ಹೇಳುವುದಿಲ್ಲ, ನಾಳೆ ನಾನು ಅಲ್ಲಿಗೇ ಹೋಗಬೇಕು. ಎಲ್ಲರಿಗೂ ಅರ್ಜಿ ಬರೆದುಕೊಡುವ ನಾನು ನನ್ನದನ್ನೂ ಸರಿಯಾಗೇ ಬರೆದೆ. ನಂಬರ್ ಕೇಳಿ ಪಡೆದೆ. ದಿನ ಎಣಿಸಿದೆ. ಅವಧಿ ಮುಗಿಯಿತು. ಇನ್ನೊಂದು ತಿಂಗಳು ಹೋಯಿತು. ಹೋಗಿ ಕೇಳಿದೆ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಮತ್ತೆ ಹೋದೆ, ಸರ್ವರ್ ಡೌನ್. ಮೂರನೇ ಸಲ ಧೈರ್ಯ ಮಾಡಿ, ಸಕಾಲದ ಪ್ರಕಾರ ನನಗೆ ದಿನಕ್ಕೆ ಇಪ್ಪತ್ತು ರೂಪಾಯಿ ಬರಬೇಕಲ್ಲ ಅಂದೆ. ಆ ಗುಮಾಸ್ತರು ಸಿಟ್ಟಾಗಲಿಲ್ಲ. ನಕ್ಕರು. ಜೇಬಿನಿಂದ ಇಪ್ಪತ್ತರ ನೋಟು ತೆಗೆದು ಟೇಬಲ್ ಮೇಲೆ ಇಟ್ಟು, "ಚಹಾ ಕುಡಿ ಹೋಗ್ರಿ" ಅಂದರು. ಸುತ್ತ ಇದ್ದವರೂ ನಕ್ಕರು.

ಮೇಲ್ಮನವಿಗೆ ದಾರಿ ಇತ್ತು. ಎರಡು ಹಂತ ಇದೆ, ನನಗೆ ಬಾಯಿಪಾಠ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ನನ್ನ ಕಡತ ಎಲ್ಲಿದೆ ಅಂತ ಕೇಳಬಹುದಿತ್ತು, 30 ದಿನದಲ್ಲಿ ಉತ್ತರ ಕೊಡಬೇಕಿತ್ತು. ನಾನು ಎರಡೂ ಮಾಡಲಿಲ್ಲ. ಏನು ಮಾಡಿದೆ ಅಂತ ಬರೆಯಲು ಕೈ ಹಿಂದೆ ಸರಿಯುತ್ತದೆ. ನನ್ನ ಹೆಂಡತಿಯ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅವನಿಗೆ ಒಳಗೆ ಗುರ್ತಿನವರಿದ್ದರು. ಎರಡೇ ದಿನದಲ್ಲಿ ಕಾಗದ ಮನೆಗೆ ಬಂತು.

ಅವತ್ತು ನನಗಿಂತ ಮೊದಲು ಅರ್ಜಿ ಕೊಟ್ಟು ಕಾಯುತ್ತಿದ್ದ ಯಾರದೋ ಕಾಗದ ಇನ್ನೂ ಕೆಳಗೆ ಹೋಯಿತು. ಆ ಅರ್ಜಿಯನ್ನೂ ನಾನೇ ಬರೆದಿರಬಹುದು.

ಸಾಹೇಬರೇ, ಆ ಹುಡುಗನ ಮಾತಿಗೆ ಬೆಂಚು ಯಾಕೆ ನಕ್ಕಿತು ಅಂದರೆ ಇದಕ್ಕೇ. ಮಂದಿಗೆ ಕಾನೂನು ಬೇಡವಾಗಿಲ್ಲ. ಕಾನೂನು ಒಂದೇ ಕಡೆಗೆ ನಡೆಯುತ್ತದೆ ಅಂತ ಅವರಿಗೆ ಖಾತ್ರಿಯಾಗಿದೆ. ಅವರ ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿದರೆ ತಿರಸ್ಕೃತ. ನಿಮ್ಮ ಅವಧಿ ಎರಡು ತಿಂಗಳು ಮೀರಿದರೆ ಮೀಟಿಂಗ್. ನಾನು ದಿನಾ ಉಣಕಲ್‌ನಿಂದ ಚಿಗರಿ ಬಸ್ಸಿನಲ್ಲಿ ಬರುತ್ತೇನೆ. ಹುಬ್ಬಳ್ಳಿ ಧಾರವಾಡ ನಡುವೆ ಅದಕ್ಕೇ ಅಂತ ಪ್ರತ್ಯೇಕ ದಾರಿ ಮಾಡಿ, 2018ರಿಂದ ಬಸ್ ಓಡಿಸುತ್ತಿದ್ದೀರಿ. ಆ ದಾರಿಯಲ್ಲಿ ಬೈಕ್ ನುಗ್ಗಿಸಿದ ಹುಡುಗರನ್ನು ಹಿಡಿಯುತ್ತೀರಿ, ಸರಿಯೇ. ಅದೇ ದಾರಿಯಲ್ಲಿ ಸರ್ಕಾರದ ಬೋರ್ಡಿನ ಜೀಪು, ಸೈರನ್ ಇಲ್ಲ, ಅವಸರ ಇಲ್ಲ, ಆರಾಮಾಗಿ ನಮ್ಮ ಬಸ್ಸಿನ ಮುಂದೆ ಹೋಗುವುದನ್ನು ಕಿಟಕಿಯಿಂದ ಎಲ್ಲರೂ ನೋಡುತ್ತಾರೆ. ಶಾಲೆ ಹುಡುಗರೂ ನೋಡುತ್ತಾರೆ. ಪೌರನೀತಿಯ ಪಾಠ ಅಲ್ಲೇ ಆಗಿಹೋಗುತ್ತದೆ.

ನಿಯಮ ಕಾಗದದ ಮೇಲೆ ಮಾತ್ರ ಉಳಿದರೆ ಏನಾಗುತ್ತದೆ ಅಂತ ಧಾರವಾಡಕ್ಕೆ ಯಾರೂ ಹೇಳಬೇಕಾಗಿಲ್ಲ. 2019ರ ಮಾರ್ಚ್ 19. ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಗಲು ಹೊತ್ತಿನಲ್ಲಿ ಕುಸಿಯಿತು. 19 ಜನ ಸತ್ತರು. ಕಂಬ ಎಷ್ಟು ದಪ್ಪ ಇರಬೇಕು, ಕಬ್ಬಿಣ ಎಷ್ಟು ಹಾಕಬೇಕು, ಯಾರು ಬಂದು ನೋಡಬೇಕು ಅನ್ನುವುದಕ್ಕೆಲ್ಲ ನಿಯಮ ಮೊದಲೇ ಇತ್ತು. ಆ ವಾರ ನನ್ನ ಅಂಗಡಿಯಲ್ಲಿ ಬರೆದ ಅರ್ಜಿಗಳನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ಇದರ ಬಗ್ಗೆ ಇಷ್ಟೇ.

ಒಳ್ಳೆಯದನ್ನೂ ಹೇಳುತ್ತೇನೆ. 2008ರವರೆಗೆ ನಮ್ಮ ಕಡೆಯವರಿಗೆ ಹೈಕೋರ್ಟ್ ಅಂದರೆ ಬೆಂಗಳೂರು. ನಾನೂರು ಕಿಲೋಮೀಟರ್ ದೂರ. ಒಂದು ತಾರೀಖಿಗೆ ರಾತ್ರಿ ಬಸ್ ಹತ್ತಿ, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಕೋರ್ಟಿನಲ್ಲಿ ಮುಂದಿನ ತಾರೀಖು ಕೇಳಿ, ಮತ್ತೆ ರಾತ್ರಿ ಬಸ್. ಇದಕ್ಕೆ ಬೇಸತ್ತು ಎಷ್ಟೋ ಮಂದಿ ಕೇಸನ್ನೇ ಬಿಟ್ಟರು. ವಕೀಲರು, ಸಂಘಟನೆಗಳು, ಜನ ವರ್ಷಗಟ್ಟಲೆ ಹೋರಾಡಿ 2008ರ ಜುಲೈನಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು. 2013ರಲ್ಲಿ ಕಾಯಂ ಆಯಿತು. ಈಗ ಗದಗಿನ ರೈತ ಬುತ್ತಿ ಕಟ್ಟಿಕೊಂಡು ಬಂದು ಸಂಜೆ ಒಳಗೆ ಮನೆ ಸೇರುತ್ತಾನೆ. ಕಾನೂನು ಅದೇ, ಕಲಂ ಅದೇ. ಹತ್ತಿರ ಬಂತು, ಅಷ್ಟಕ್ಕೇ ಎಷ್ಟೋ ಮಂದಿಗೆ ಜೀವ ಬಂತು.

ಅದಕ್ಕೇ ನಾನು ಕೇಳುವುದು ದೊಡ್ಡದಲ್ಲ. ಹೊಸ ಕಾನೂನು ಬೇಡ, ಇರುವುದೇ ಸಾಕು. ಬೀರುವಿನ ಹಿಂದಿನ ಆ ಬೋರ್ಡು ಬಾಗಿಲಿಗೆ ಬರಲಿ. ದೊಡ್ಡ ಅಕ್ಷರದಲ್ಲಿ, ಯಾವ ಕೆಲಸ, ಎಷ್ಟು ದಿನ, ತಡವಾದರೆ ಯಾರ ಹತ್ತಿರ ಹೋಗಬೇಕು. ಲಕ್ಷ್ಮೇಶ್ವರದ ಕಲ್ಲಿನ ಹಾಗೆ ಬೆರಳು ಇಟ್ಟು ತೋರಿಸಲು ಬರಬೇಕು. ಅರ್ಜಿ ವಾಪಸ್ ಕಳಿಸಿದರೆ ಯಾಕೆ ಅಂತ ಒಂದು ಸಾಲು ಬರೆಯಿರಿ. "ದಾಖಲೆ ಸರಿ ಇಲ್ಲ" ಅಂದರೆ ಯಾವ ದಾಖಲೆ? ಆ ಹುಡುಗ ಮೂರು ಸಲ ಬಂದದ್ದು ಇದೇ ಒಂದು ಸಾಲಿಗೆ. ಮತ್ತು ನಿಮ್ಮ ಜೀಪಿನ ಚಾಲಕರಿಗೆ ಚಿಗರಿ ದಾರಿ ಬಿಟ್ಟು ನಮ್ಮ ಜೊತೆ ಟೋಲ್ ನಾಕಾ ಟ್ರಾಫಿಕ್‌ನಲ್ಲಿ ನಿಲ್ಲಲು ಹೇಳಿ. ಪೊಲೀಸ್ ಆಯುಕ್ತರೇ, ಮೊದಲ ಚಲನ್ ಒಂದು ಸರ್ಕಾರಿ ಗಾಡಿಗೆ ಬೀಳಲಿ. ಆಮೇಲೆ ನೋಡಿ, ಹೆಲ್ಮೆಟ್ ಟ್ಯಾಂಕ್ ಬಿಟ್ಟು ತಲೆಗೆ ಬರುತ್ತದೋ ಇಲ್ಲವೋ.

ಇಷ್ಟು ಬರೆದು, ಮುಗಿಸುವ ಮೊದಲು ಒಮ್ಮೆ ಅಂಗಡಿಯಿಂದ ಹೊರಗೆ ಬಂದು ನಿಂತು ನೋಡಿದೆ. ನನ್ನ ತಗಡು ಫುಟ್‌ಪಾತಿನ ಮೇಲೆ ಮೂರು ಅಡಿ ಮುಂದೆ ಬಂದಿದೆ. ಟೇಪ್ ಹಿಡಿದು ಅಳೆದೆ, ಮೂರು ಅಡಿ ನಾಲ್ಕು ಇಂಚು. ಬೆಂಚು ಪೂರ್ತಿ ಹೊರಗೇ ಇದೆ. ನಡೆಯುವವರು ಕೆಳಗೆ ಇಳಿದು ರಸ್ತೆಯಲ್ಲೇ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಯಾಕೆ ಕೇಳಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗುರ್ತು.

ಶನಿವಾರ ವೆಲ್ಡಿಂಗ್ ಹುಡುಗನನ್ನು ಕರೆಸಿ ತಗಡು ಕತ್ತರಿಸಿದೆ. ಬೆಂಚು ಒಳಗೆ ಎಳೆದೆ. ಈಗ ಅಂಗಡಿಯಲ್ಲಿ ನನಗೇ ತಿರುಗಲು ಜಾಗ ಇಲ್ಲ. ಸೋಮವಾರ ಮತ್ತೆ ಮಳೆ. ಬಂದ ಮಂದಿ ಕಾಗದಗಳನ್ನು ಸೆರಗಿನಲ್ಲಿ, ಟವೆಲ್‌ನಲ್ಲಿ ಸುತ್ತಿಕೊಂಡು ಮಳೆಯಲ್ಲೇ ನಿಂತರು. ಒಬ್ಬ ಅಜ್ಜಿ ನನ್ನನ್ನು ಚೆನ್ನಾಗಿ ಬೈದರು, "ಇದ್ದ ತಗಡ ಯಾಕ ಕೊಯ್ದಿ, ನಿನಗೇನ್ ಬ್ಯಾನಿ?" ಅಂತ. ನಿಮ್ಮ ಕಚೇರಿ ಆವರಣದಲ್ಲಿ ಗೇಟಿನ ಒಳಗೆ ದೊಡ್ಡ ಪೋರ್ಟಿಕೊ ಇದೆ. ನೂರು ಜನ ನಿಲ್ಲಬಹುದು. ಸಾಹೇಬರ ಕಾರು ಮಾತ್ರ ನಿಲ್ಲುತ್ತದೆ. ಬಾಗಿಲು ತೆಗೆಯುವ ಮೊದಲು ಬಂದ ಮಂದಿಯನ್ನು ಗೇಟಿನಿಂದ ಒಳಗೆ ಬಿಡಬಾರದು ಅನ್ನುವ ನಿಯಮ ಯಾವುದು, ಯಾರು ಮಾಡಿದ್ದು ಅಂತ ಕಾವಲುಗಾರನನ್ನು ಕೇಳಿದೆ. ಅವನಿಗೂ ಗೊತ್ತಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ, ಹತ್ತು ರೂಪಾಯಿ ಕಟ್ಟಿದ್ದೇನೆ. ಈ ಸಲ ದೊಡ್ಡಪ್ಪನ ಮಗನಿಗೆ ಫೋನ್ ಮಾಡುವುದಿಲ್ಲ.

ತಮ್ಮಾ, ನಿನಗೆ ಒಂದು ಮಾತು. ಅವತ್ತು ಮಳೆಯ ಅವಸರದಲ್ಲಿ ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಝೆರಾಕ್ಸ್ ಮಷಿನ್ನಿನ ಮುಚ್ಚಳದ ಕೆಳಗೇ ಬಿಟ್ಟು ಹೋಗಿದ್ದೀ. ಒರಿಜಿನಲ್. ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಇಟ್ಟಿದ್ದೇನೆ. ಸಮಾಜ ವಿಜ್ಞಾನದಲ್ಲಿ ಒಳ್ಳೆಯ ಅಂಕ ಇದೆ, ಜಗಳಕ್ಕೂ ಬಾ. ಎರಡರಿಂದ ಮೂರರವರೆಗೆ ಊಟಕ್ಕೆ ಮುಚ್ಚಿರುತ್ತೇನೆ.

ಇಂತಿ ನಿಮ್ಮವ,
ಕಚೇರಿ ಎದುರಿನ ಅರ್ಜಿ ಬರೆಯುವವ
ಧಾರವಾಡ